44 ಮಕ್ಕಳು, 12 ಬೆಂಚು, ಒಂದು ಸೋರುವ ಮೂಲೆ: ಗುಂಪು ಚಟುವಟಿಕೆ ಹೇಗೆ ಮಾಡಿಸಲಿ?

ಹೊಸ_ಟೀಚರ್ · ಮಂಗಳವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೈಯಬೇಡಿ.

ನಾನು ಬಿ.ಎಡ್. ಎರಡನೇ ವರ್ಷ. ಊರು ಶಿಕಾರಿಪುರದ ಕಡೆ. ಇಂಟರ್ನ್‌ಶಿಪ್‌ಗೆ ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಹಾಕಿದ್ದಾರೆ. 16 ವಾರದಲ್ಲಿ ಇದು ಮೂರನೇ ವಾರ. ನಮ್ಮ ಕಡೆ ಮಳೆ ಬಂದು ಹೋಗುತ್ತದೆ. ಇಲ್ಲಿ ಬಂದು ಕೂರುತ್ತದೆ.

ನನಗೆ ಕೊಟ್ಟಿರುವುದು ಎಂಟನೇ ತರಗತಿ, ಸಮಾಜ ವಿಜ್ಞಾನ. 44 ಮಕ್ಕಳು. ಕೋಣೆಯನ್ನು ಟೇಪ್ ಹಿಡಿದು ಅಳೆದೆ: 24 ಅಡಿ ಉದ್ದ, 18 ಅಡಿ ಅಗಲ. ಲೆಕ್ಕ ಹಾಕಿದರೆ ಒಬ್ಬರಿಗೆ ಹತ್ತು ಚದರ ಅಡಿಯೂ ಇಲ್ಲ. ಅದರಲ್ಲೇ ಕಪ್ಪುಹಲಗೆ ಮುಂದಿನ ಕಟ್ಟೆ, ಮೇಜು, ಬೀರು ಎಲ್ಲ. ಹಳೆಯ ಕಾಲದ ಉದ್ದ ಡೆಸ್ಕುಗಳು, ಒರಗು ಇಲ್ಲದ ಬೆಂಚುಗಳು. ಒಂದು ಕಡೆ ಆರು, ಇನ್ನೊಂದು ಕಡೆ ಆರು. ಒಂದರಲ್ಲಿ ನಾಲ್ಕು ಮಕ್ಕಳು. ಹುಡುಗರ ಕಡೆಯ ಕೊನೆ ಬೆಂಚಿನ ಮೇಲೆ ಸರಿಯಾಗಿ ಹಂಚು ಸೋರುತ್ತದೆ. ಹಾಗಾಗಿ ಅಲ್ಲಿ ಯಾರೂ ಕೂರುವುದಿಲ್ಲ, ಬಕೆಟ್ ಕೂರುತ್ತದೆ. ಬಾಗಿಲ ಪಕ್ಕ ಕೊಡೆಗಳ ರಾಶಿ. ಅದರಿಂದ ಇಳಿದ ನೀರು ಹುಡುಗಿಯರ ಮೊದಲ ಬೆಂಚಿನ ತನಕ ಹರಿದು ಬರುತ್ತದೆ.

ಕಳೆದ ಗುರುವಾರ ಮಳೆ ಹಂಚಿಕೆಯ ಪಾಠ. ಗುಂಪಿನಲ್ಲಿ ನಕ್ಷೆ ತುಂಬುವ ಚಟುವಟಿಕೆ ಇಟ್ಟುಕೊಂಡಿದ್ದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ, ಚಳ್ಳಕೆರೆಯಲ್ಲಿ 500ರ ಆಸುಪಾಸು, ಯಾಕೆ ಹೀಗೆ ಅಂತ ಮಕ್ಕಳೇ ಕಂಡುಹಿಡಿಯಬೇಕು. ಪಾಠ ಯೋಜನೆಯಲ್ಲಿ "ಮಕ್ಕಳನ್ನು 6 ಗುಂಪುಗಳಾಗಿ ಮಾಡುವುದು, 2 ನಿಮಿಷ" ಎಂದು ಚೆನ್ನಾಗಿಯೇ ಬರೆದಿದ್ದೆ. ಆಗಿದ್ದು 14 ನಿಮಿಷ. ಪೀರಿಯಡ್ ಇರುವುದೇ 40. ಬೆಂಚು ಎಳೆದ ಸದ್ದಿಗೆ ಪಕ್ಕದ ಕೋಣೆಯಿಂದ ಒಬ್ಬ ಸರ್ ಬಂದು ಬಾಗಿಲಲ್ಲಿ ನಿಂತರು. ಏನೂ ಹೇಳಲಿಲ್ಲ. ಸುಮ್ನೆ ನಿಂತಿದ್ದರು. ಬೈದಿದ್ದರೇ ವಾಸಿ ಇತ್ತು. ಅಷ್ಟರಲ್ಲಿ ಬಕೆಟ್ ಉರುಳಿತು. ಒಬ್ಬ ಹುಡುಗನ ನೋಟ್‌ಬುಕ್ ಪೂರ್ತಿ ಒದ್ದೆ. ಬೆಲ್ ಹೊಡೆದಾಗ ಬೆಂಚುಗಳು ಕಂಡ ಕಂಡ ಕಡೆ. ಮುಂದಿನ ಪೀರಿಯಡ್‌ನ ಗಣಿತ ಮೇಡಂ ಬಂದು "ಇದೇನಮ್ಮ ಸಂತೆ?" ಅಂದರು.

ಮುಂದಿನ ಬುಧವಾರ ಕಾಲೇಜಿನಿಂದ ಪಾಠ ನೋಡಲು ಬರುತ್ತಾರೆ. ಗುಂಪು ಕೆಲಸ ಇರಲೇಬೇಕು ಎಂದಿದ್ದಾರೆ. ಎಚ್‌ಎಂ "ಏನು ಬೇಕಾದರೂ ಮಾಡಿ, ಹೋಗುವಾಗ ಮೊದಲಿದ್ದ ಹಾಗೆ ಇಟ್ಟು ಹೋಗಿ" ಎಂದಿದ್ದಾರೆ. ಅವರು ಹೇಳುವುದೂ ಸರಿಯೇ. ಕೋಣೆ ನನ್ನದಲ್ಲ, ನಾನು ನೆಂಟಳು.

ಬೆಂಚು ಎಳೆಯಲಾ, ಬೇಡವಾ? ನೀವೆಲ್ಲ ಏನು ಮಾಡಿದಿರಿ?

---

ಸಾಗರದ_ಮೇಷ್ಟ್ರು · ಮಂಗಳವಾರ, ರಾತ್ರಿ 9:50

ಎಳೆಯಬೇಡ ತಂಗಿ. 31 ವರ್ಷ ಇಂಥದ್ದೇ ಕೋಣೆಗಳಲ್ಲಿ ಕಳೆದವನು ನಾನು.

ನಿನ್ನ ಬೆಂಚಿಗೆ ಒರಗು ಇಲ್ಲ ಎಂದೆಯಲ್ಲ, ಅದು ಭಾಗ್ಯ. ಒಂದನೇ ಸಾಲಿನವರು ಕೂತಲ್ಲೇ ಹಿಂದಕ್ಕೆ ತಿರುಗಲಿ. ಎರಡನೇ ಸಾಲಿನ ಡೆಸ್ಕು ಇಬ್ಬರಿಗೂ ಮೇಜಾಯಿತು. ಮೂರು ನಾಲ್ಕಕ್ಕೆ ತಿರುಗಲಿ, ಐದು ಆರಕ್ಕೆ ತಿರುಗಲಿ. ಆಗ ಎಂಟೆಂಟು ಮಕ್ಕಳಾಗುತ್ತಾರೆ. ಎಂಟು ಜಾಸ್ತಿ. ಇಬ್ಬರು ಬರೆಯುತ್ತಾರೆ, ಇಬ್ಬರು ನೋಡುತ್ತಾರೆ, ಉಳಿದ ನಾಲ್ವರು ಕ್ರಿಕೆಟ್ ಮಾತಾಡುತ್ತಾರೆ. ಡೆಸ್ಕಿನ ನಡುವೆ ಸೀಮೆಸುಣ್ಣದ ಗೆರೆ ಎಳೆದುಬಿಡು. ಈಚೆ ನಾಲ್ಕು, ಆಚೆ ನಾಲ್ಕು. ಬಕೆಟ್ ಮುಂದಿನ ಬೆಂಚಿನ ನಾಲ್ವರು ತಿರುಗುವುದೇ ಬೇಡ, ಅವರೇ ಒಂದು ಗುಂಪು. ಒಟ್ಟು 11 ಗುಂಪು. ಒಂದು ಬೆಂಚೂ ಅಲ್ಲಾಡಲಿಲ್ಲ.

ಒಂದು ಎಚ್ಚರಿಕೆ. ಮೊದಲ ದಿನವೇ ಪಾಠದೊಳಗೆ ಇದನ್ನು ಮಾಡಿಸಬೇಡ. ಹಿಂದಿನ ದಿನ ಐದು ನಿಮಿಷ ಸುಮ್ನೆ ತಿರುಗುವುದು, ವಾಪಸ್ ತಿರುಗುವುದು ಅಭ್ಯಾಸ ಮಾಡಿಸು. ಡ್ರಿಲ್ ಪೀರಿಯಡ್ ಅಂದುಕೊಳ್ಳಲಿ. ಮೂರನೇ ಸಲಕ್ಕೆ ಅರ್ಧ ನಿಮಿಷದಲ್ಲಿ ಮುಗಿಸುತ್ತಾರೆ. ಅದರಲ್ಲೂ ಪೈಪೋಟಿ ಮಕ್ಕಳಿಗೆ.

ಇನ್ನು ಆ ಕಟ್ಟೆ. ಹೊಸಬರಿಗೆ ಕಟ್ಟೆ ಇಳಿಯಲು ಹೆದರಿಕೆ. ಇಳಿದು ಓಡಾಡು. ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಐದು ನಿಮಿಷ ಪಾಠ ಮಾಡಿ ನೋಡು. ಕೋಣೆ ಇದ್ದಲ್ಲೇ ಇರುತ್ತದೆ, ಮುಂದಿನ ಬೆಂಚು ಮಾತ್ರ ಕೊನೆ ಬೆಂಚಾಗುತ್ತದೆ.

---

ಹೊಸ_ಟೀಚರ್ · ಮಂಗಳವಾರ, ರಾತ್ರಿ 10:05

ಸರ್, ತಿರುಗಿ ಕೂರುವುದು ನನ್ನ ತಲೆಗೇ ಹೊಳೆದಿರಲಿಲ್ಲ. ಸುಮ್ನೆ ಬೆನ್ನು ನೋಯಿಸಿಕೊಂಡೆ.

---

ನಲಿಕಲಿ_ಅಕ್ಕ · ಮಂಗಳವಾರ, ರಾತ್ರಿ 10:31

ತೀರ್ಥಹಳ್ಳಿ ತಾಲ್ಲೂಕಿನ ಕಿರಿಯ ಪ್ರಾಥಮಿಕ ಶಾಲೆಯಿಂದ ನನ್ನದೊಂದು ಮಾತು.

ನಮ್ಮ ಕೋಣೆಗೆ ಬಂದು ನೋಡಿ. ಬೆಂಚೇ ಇಲ್ಲ. ಚಾಪೆ, ಗಿಡ್ಡ ಮೇಜು, ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ ಗೋಡೆ ಹಲಗೆ. ಒಂದು, ಎರಡು, ಮೂರನೇ ತರಗತಿ ಒಟ್ಟಿಗೇ. ಐದು ತಟ್ಟೆ, ಅಂದರೆ ಐದು ಗುಂಪು. ಮೊದಲನೆಯದರಲ್ಲಿ ನಾನು ಪೂರ್ತಿ ಜೊತೆಗಿರಬೇಕು. ಎರಡನೆಯದಕ್ಕೆ ಆಗಾಗ ಕೈ ಹಚ್ಚಬೇಕು. ಮೂರು, ನಾಲ್ಕರಲ್ಲಿ ಮಕ್ಕಳು ಮಕ್ಕಳಿಗೇ ಸಹಾಯ ಮಾಡುತ್ತಾರೆ. ಐದನೆಯದರಲ್ಲಿ ಅವರವರೇ ಕಲಿಯುತ್ತಾರೆ. ಕಾರ್ಡ್ ಮುಗಿದಂತೆ ಮಗು ತಾನೇ ಎದ್ದು ಮುಂದಿನ ತಟ್ಟೆಗೆ ಹೋಗುತ್ತದೆ. "ನಿನ್ನ ಜಾಗ ಎಲ್ಲಿ?" ಎಂದರೆ ನಮ್ಮ ಮಕ್ಕಳಿಗೆ ಅರ್ಥವೇ ಆಗುವುದಿಲ್ಲ. ಇವತ್ತಿನ ಕೆಲಸ ಎಲ್ಲಿದೆಯೋ ಅಲ್ಲೇ ಜಾಗ.

ಇದಕ್ಕೆ ನಲಿಕಲಿ ಪದ್ಧತಿ ಅಂತ ಹೆಸರು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. 2009-10ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗೂ ಬಂತು. ನಮ್ಮ ಮಕ್ಕಳು ಮೂರು ವರ್ಷ ಹೀಗೆ ಕೂತು, ಎದ್ದು, ಓಡಾಡಿ ಕಲಿತು ನಿಮ್ಮ ಕಡೆ ಬರುತ್ತಾರೆ. ನೀವು ಬೆಂಚಿಗೆ ಕಟ್ಟಿಹಾಕಿ "ಗುಂಪಿನಲ್ಲಿ ಕೆಲಸ ಮಾಡಲು ಬರುವುದಿಲ್ಲ" ಅನ್ನುತ್ತೀರಿ. ಬೇಜಾರು ಮಾಡಿಕೊಳ್ಳಬೇಡಿ, ನಿಮಗೊಬ್ಬರಿಗೇ ಹೇಳಿದ್ದಲ್ಲ.

ನನ್ನ ಕಷ್ಟ ನಿಮ್ಮದಕ್ಕೆ ಪೂರ್ತಿ ಉಲ್ಟಾ. ನನ್ನಲ್ಲಿ ಇರುವುದು 11 ಮಕ್ಕಳು, ಕೋಣೆ ದೊಡ್ಡದು. ಮಲೆನಾಡಿನ ಹಳ್ಳಿ ಶಾಲೆಗಳ ಕಥೆ ಗೊತ್ತಲ್ಲ. ಮಕ್ಕಳು ಮೂಲೆ ಮೂಲೆಗೆ ಚೆದುರಿ ಕೂತರೆ ಕೋಣೆ ಖಾಲಿ ಹೊಡೆಯುತ್ತದೆ, ಮಾತು ಕೇಳುವುದಿಲ್ಲ. ಮಳೆಗಾಲದಲ್ಲಿ ನಾನು ಎಲ್ಲ ಚಾಪೆಯನ್ನೂ ನಡುವಿಗೆ ಎಳೆದುಕೊಳ್ಳುತ್ತೇನೆ. ಕರೆಂಟ್ ಇಲ್ಲದ ದಿನ ಬಾಗಿಲ ಬೆಳಕಿನ ಕಡೆಗೆ. ಜಾಗ ಜಾಸ್ತಿ ಇದ್ದರೂ ಅದೂ ಒಂದು ಕೆಲಸವೇ.

---

ಖಡಕ್_ಗಣಿತ · ಬುಧವಾರ, ಬೆಳಿಗ್ಗೆ 7:20

ನಾನು ಸ್ವಲ್ಪ ಕಹಿ ಮಾತಾಡುತ್ತೇನೆ. ಈ ಗುಂಪು ಗಿಂಪು ಎಲ್ಲ ಪಾಠ ನೋಡಲು ಬಂದ ದಿನದ ನಾಟಕ. ಮಾರನೇ ದಿನ ಎಲ್ಲರೂ ಸಾಲಿಗೆ ವಾಪಸ್. ನಾನೂ ಬಿ.ಎಡ್. ಮಾಡುವಾಗ ಇದೇ ನಾಟಕ ಆಡಿದ್ದೇನೆ, ಒಳ್ಳೆಯ ಅಂಕವೂ ಬಂದಿತ್ತು.

ಸಾಲು ಅಂದರೆ ಹಳೇ ಕಾಲದ್ದು, ಕೆಟ್ಟದ್ದು ಅಂತ ಹೇಳುವ ಫ್ಯಾಷನ್ ಇದೆ. 1981ರಲ್ಲಿ ಇಂಗ್ಲೆಂಡಿನಲ್ಲಿ ವೆಲ್ಡಾಲ್ ಮತ್ತು ಜೊತೆಗಾರರು 10-11 ವರ್ಷದ ಮಕ್ಕಳ ಎರಡು ಕ್ಲಾಸುಗಳನ್ನು ಮೊದಲು ಮೇಜಿನ ಸುತ್ತ, ಆಮೇಲೆ ಸಾಲಿನಲ್ಲಿ, ಮತ್ತೆ ಮೇಜಿನ ಸುತ್ತ ಕೂರಿಸಿ ನೋಡಿದರು. ಅವರವರೇ ಮಾಡುವ ಕೆಲಸದಲ್ಲಿ ಸಾಲಿನಲ್ಲಿ ಕೂತಾಗಲೇ ಗಮನ ಜಾಸ್ತಿ ಇತ್ತು. ಬೀಜಗಣಿತದ ಲೆಕ್ಕ ಬಿಡಿಸುವಾಗ ಎದುರಿಗೆ ಗೆಳೆಯನ ಮುಖ ಯಾಕೆ ಬೇಕು?

44 ಮಕ್ಕಳು ಅಂದಿರಿ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ 6ರಿಂದ 8ನೇ ತರಗತಿಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕ ಅನ್ನುತ್ತದೆ. ಮೊದಲು ಅದನ್ನು ಸರಿ ಮಾಡಲಿ. ಆಮೇಲೆ ನಾನೇ ಬೆಂಚು ಹೊತ್ತು ವೃತ್ತದಲ್ಲಿ ಇಡುತ್ತೇನೆ.

---

ಸಾಗರದ_ಮೇಷ್ಟ್ರು · ಬುಧವಾರ, ಬೆಳಿಗ್ಗೆ 7:45

ನಾಟಕ ಹೌದು ಮಾರಾಯ್ರೆ, ಒಪ್ಪಿದೆ. ಆದರೆ ಲೆಕ್ಕಕ್ಕೆ ಸಾಲು, ನಕ್ಷೆಗೆ ಗುಂಪು ಅಂದರೆ ಜಗಳವೇ ಇಲ್ಲವಲ್ಲ. ಅಡಿಕೆ ಸುಲಿಯಲು ಎಲ್ಲರೂ ಸುತ್ತ ಕೂರುತ್ತೇವೆ, ಊಟಕ್ಕೆ ಪಂಕ್ತಿಯಲ್ಲಿ ಕೂರುತ್ತೇವೆ. ಯಾವುದು ಸರಿ ಅಂತ ಯಾರೂ ಕೇಳುವುದಿಲ್ಲ.

---

ಕಾಲೇಜಿನ_ಕಡೆಯಿಂದ · ಬುಧವಾರ, ಮಧ್ಯಾಹ್ನ 1:15

ನಾನು ಬಿ.ಎಡ್. ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಯಾವ ಕಾಲೇಜು ಅಂತ ಕೇಳಬೇಡಿ.

ಪಾಠ ನೋಡಲು ಬರುವವರ ಪರವಾಗಿ ಒಂದು ತಪ್ಪೊಪ್ಪಿಗೆ. ನಮ್ಮ ಅವಲೋಕನ ಹಾಳೆಯಲ್ಲಿ ಪೀಠಿಕೆ, ಪ್ರಶ್ನೆ ಕೇಳುವುದು, ಕಪ್ಪುಹಲಗೆ ಕಾರ್ಯ ಎಲ್ಲಕ್ಕೂ ಸಾಕಷ್ಟು ಜಾಗ ಇದೆ. ಮಕ್ಕಳು ಎಲ್ಲಿ ಕೂತಿದ್ದಾರೆ, ಹೇಗೆ ಕೂತಿದ್ದಾರೆ ಎಂಬುದು "ತರಗತಿ ನಿರ್ವಹಣೆ" ಅನ್ನುವ ಒಂದೇ ಗೆರೆಯಲ್ಲಿ ಮುಗಿದುಹೋಗುತ್ತದೆ. ಕಾಲೇಜಿನಲ್ಲೇ ಮಾಡಿಸುವ ಪುಟ್ಟ ಅಭ್ಯಾಸ ಪಾಠ, ಅಂದರೆ ಸೂಕ್ಷ್ಮ ಬೋಧನೆಯಲ್ಲಂತೂ ಕೇಳಲೇಬೇಡಿ. ಏಳೆಂಟು ಗೆಳೆಯರೇ ಮಕ್ಕಳಾಗಿ ಕೂತಿರುತ್ತಾರೆ, ಎಲ್ಲರೂ ಮುಂದಿನ ಬೆಂಚಿನಲ್ಲಿ! ಅಲ್ಲಿಂದ ನೇರ 44 ಮಕ್ಕಳ ಮುಂದೆ ನಿಲ್ಲಿಸುತ್ತೇವೆ. ನಿಮಗೆ 14 ನಿಮಿಷ ಹಿಡಿದಿದ್ದರಲ್ಲಿ ನಮ್ಮ ಪಾಲೂ ಇದೆ.

ಬುಧವಾರಕ್ಕೆ ಮುಂಚೆ ಒಂದು ಕೆಲಸ ಮಾಡಿ. ಖಾಲಿ ಹಾಳೆಯಲ್ಲಿ ಕೋಣೆಯ ನಕ್ಷೆ ಬರೆಯಿರಿ. ಬೆಂಚು, ಬಾಗಿಲು, ಕಿಟಕಿ, ಬಕೆಟ್, ಎಲ್ಲಾ. ಪ್ರತಿ ಮಗುವಿಗೆ ಒಂದು ಚೌಕ. ಜೊತೆಗೆ ಬಂದಿರುವ ಇನ್ನೊಬ್ಬ ವಿದ್ಯಾರ್ಥಿ ಶಿಕ್ಷಕಿಯನ್ನು ಹಿಂದೆ ಕೂರಿಸಿ. ನೀವು ಯಾರಿಗೆ ಪ್ರಶ್ನೆ ಕೇಳುತ್ತೀರೋ ಆ ಚೌಕದಲ್ಲಿ ಒಂದೊಂದು ಗೀಟು ಹಾಕಲಿ. ಪೀರಿಯಡ್ ಮುಗಿದ ಮೇಲೆ ಇಬ್ಬರೂ ಕೂತು ನೋಡಿ.

ಆಡಮ್ಸ್ ಮತ್ತು ಬಿಡಲ್ ಎಂಬ ಇಬ್ಬರು ಕ್ಲಾಸುಗಳನ್ನು ವಿಡಿಯೊ ಮಾಡಿ ನೋಡಿ 1970ರಲ್ಲಿ ಬರೆದರು. ಟೀಚರ್ ಜೊತೆ ಮಾತುಕತೆ ನಡೆಯುವುದು ಬಹುಪಾಲು ಮುಂದಿನ ಸಾಲು ಮತ್ತು ನಡುವಿನ ಪಟ್ಟಿಯಲ್ಲಿ. ಮೇಲಿನಿಂದ ನೋಡಿದರೆ ಇಂಗ್ಲಿಷಿನ 'ಟಿ' ಅಕ್ಷರದ ಹಾಗೆ. ಪಕ್ಕದವರು, ಹಿಂದಿನವರು ಅದರ ಹೊರಗೆ. ಜಾಣರು ಮುಂದೆ ಕೂರುತ್ತಾರೋ, ಮುಂದೆ ಕೂತವರು ಜಾಣರಾಗುತ್ತಾರೋ ಎಂಬ ವಾದ ಇನ್ನೂ ಮುಗಿದಿಲ್ಲ. ಎರಡೂ ಸ್ವಲ್ಪ ಸ್ವಲ್ಪ ಇರಬೇಕು ಅಂತ ನನಗನ್ನಿಸುತ್ತದೆ.

@ಖಡಕ್_ಗಣಿತ, ನಿಮ್ಮ 1981ರ ಅಧ್ಯಯನ ಸರಿ. ಅದರ ಪಕ್ಕ 1985ರದ್ದನ್ನೂ ಇಡಿ. ಅಮೆರಿಕದಲ್ಲಿ ರೋಸೆನ್‌ಫೀಲ್ಡ್ ಮತ್ತು ಇತರರು ಮಾಡಿದ್ದು. ಚರ್ಚೆ ಮಾಡಿಸುವ ಹೊತ್ತಿನಲ್ಲಿ ವೃತ್ತದಲ್ಲಿ ಕೂತ ಮಕ್ಕಳು ಸಾಲಿನವರಿಗಿಂತ ಜಾಸ್ತಿ ತೊಡಗಿಸಿಕೊಂಡರು. ಮೇಷ್ಟ್ರು ಅಡಿಕೆ ಸುಲಿತ, ಪಂಕ್ತಿ ಅಂತ ಹೇಳಿದ್ದು ಇದನ್ನೇ.

---

ಕೊನೆಬೆಂಚು · ಬುಧವಾರ, ಸಂಜೆ 6:02

ನಾನು ಟೀಚರ್ ಅಲ್ಲ, ಸುಮ್ನೆ ಓದುತ್ತಿದ್ದೆ. ಹತ್ತನೇ ಕ್ಲಾಸಿನ ತನಕ ಕೊನೆ ಬೆಂಚು ಬಿಟ್ಟವನಲ್ಲ.

ಎಲ್ಲರೂ ಕೊನೆ ಬೆಂಚಿನವರನ್ನು ಉದ್ಧಾರ ಮಾಡಲು ಹೊರಟಿದ್ದೀರಿ. 2025ರಲ್ಲಿ ಕೇರಳದ ಕೆಲವು ಶಾಲೆಗಳು ಕೊನೆ ಬೆಂಚೇ ಬೇಡ ಎಂದು ಗೋಡೆಗುಂಟ ಯು ಆಕಾರದಲ್ಲಿ ಬೆಂಚು ಹಾಕಿದ್ದು ವಾಟ್ಸ್ಆ್ಯಪ್‌ನಲ್ಲೆಲ್ಲ ಓಡಾಡಿತು. ನನಗೆ ನೋಡಿ ಭಯವಾಯಿತು. ಎಲ್ಲರ ಮುಖ ಎಲ್ಲರಿಗೂ ಕಾಣುತ್ತದೆ! ನಾನು ಹಿಂದೆ ಕೂರುತ್ತಿದ್ದದ್ದು ದಡ್ಡ ಅಂತಲ್ಲ. ಗದ್ದೆ ಕೆಲಸ ಮುಗಿಸಿ ಬರುತ್ತಿದ್ದೆ, ಕಾಲಲ್ಲಿ ಕೆಸರು. ಯಾರೂ ನೋಡದ ಜಾಗ ಬೇಕಿತ್ತು. ಒಬ್ಬ ಮೇಡಂ ಮಾತ್ರ ಹಿಂದೆ ಬಂದು ನನ್ನ ಬೆಂಚಿನ ತುದಿಯಲ್ಲಿ ಕೂತು ಹೇಳಿಕೊಡುತ್ತಿದ್ದರು. ಮುಂದೆ ಬಾ ಎಂದು ಒಮ್ಮೆಯೂ ಹೇಳಲಿಲ್ಲ.

---

ಖಡಕ್_ಗಣಿತ · ಬುಧವಾರ, ಸಂಜೆ 6:30

ಯು ಆಕಾರದ ಬಗ್ಗೆ ನನ್ನದೂ ಅದೇ ಅನುಮಾನ, ಕಾರಣ ಬೇರೆ. 20 ಮಕ್ಕಳಿದ್ದರೆ ಚೆಂದ. 24 ಅಡಿ ಕೋಣೆಯಲ್ಲಿ 44 ಜನರನ್ನು ಗೋಡೆಗುಂಟ ಕೂರಿಸಲು ಹೋದರೆ ಯು ಒಳಗೆ ಇನ್ನೊಂದು ಯು ಆಗುತ್ತದೆ. ಪಕ್ಕದ ತೋಳಿನಲ್ಲಿ ಕೂತವರು ದಿನವಿಡೀ ಕತ್ತು ತಿರುಗಿಸಿಕೊಂಡೇ ಹಲಗೆ ನೋಡಬೇಕು. ಅಷ್ಟಕ್ಕೂ ಆ ಬಕೆಟ್ ಎಲ್ಲಿ ಇಡುತ್ತೀರಿ?

---

ದಬ್ಬೆ_ಬೇಲಿ · ಬುಧವಾರ, ರಾತ್ರಿ 8:48

ನಾನು ಹೊಸನಗರ ತಾಲ್ಲೂಕಿನವನೇ. ನಮ್ಮೂರ ಶಾಲೆಯ ಎಸ್‌ಡಿಎಂಸಿಯಲ್ಲಿದ್ದೇನೆ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿ. ಓದಿದ್ದು ಕಡಿಮೆ, ತಪ್ಪಿದ್ದರೆ ಹೇಳಿ.

ಕೊಡೆ ರಾಶಿಗೆ ನಾವು ಮಾಡಿದ್ದು ಹೇಳುತ್ತೇನೆ ಮೇಡಂ. ಜಗಲಿಯಲ್ಲಿ ಮಾಡಿನ ಕಂಬದಿಂದ ಕಂಬಕ್ಕೆ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಕಟ್ಟಿದೆವು. ಮಕ್ಕಳ ಎದೆ ಮಟ್ಟಕ್ಕೆ. ಕೊಡೆಗಳೆಲ್ಲ ಅಲ್ಲಿ ನೇತಾಡುತ್ತವೆ, ನೀರು ಅಂಗಳಕ್ಕೆ ಇಳಿಯುತ್ತದೆ. ರೇನ್‌ಕೋಟಿಗೆ ಇನ್ನೊಂದು ದಬ್ಬೆ. ಇರಚಲು ಹೊಡೆಯುವ ಕಡೆ ಸೋಗೆ ತಟ್ಟಿ. ಖರ್ಚು ಹಗ್ಗಕ್ಕೆ ಮಾತ್ರ. ಕೋಣೆಯೊಳಗೆ ಒಂದು ಬೆಂಚಿನಷ್ಟು ಜಾಗ ಸಿಕ್ಕಿತು. ಇನ್ನೊಂದು ಲಾಭ, ಉಂಬಳ (ಜಿಗಣೆ) ಒಳಗೆ ಬರುವುದು ಕಡಿಮೆಯಾಯಿತು. ಪಾಠದ ನಡುವೆ ಒಬ್ಬಳ ಕಾಲಿಗೆ ಉಂಬಳ ಹತ್ತಿದರೆ ಆ ಪೀರಿಯಡ್ ಮುಗಿದ ಹಾಗೆಯೇ!

ಇನ್ನೊಂದು ವಿಷಯ. ಬಾಗಿಲ ಹತ್ತಿರ ಯಾರು ಕೂರುತ್ತಾರೆ ಅಂತ ನೋಡಿ. ನಮ್ಮಲ್ಲಿ ಅದು ಬಸ್ಸಿನ ಮಕ್ಕಳ ಜಾಗ. ಸಂಜೆಯ ಬಸ್ ತಪ್ಪಿದರೆ ಕಾಡುದಾರಿಯಲ್ಲಿ ನಾಲ್ಕು ಕಿಲೋಮೀಟರ್ ನಡೆಯಬೇಕು. ಒಬ್ಬರು ಹೊಸ ಮೇಷ್ಟ್ರು ಎತ್ತರದ ಪ್ರಕಾರ ಎಲ್ಲರನ್ನೂ ಬದಲಾಯಿಸಿದರು. ಬಸ್ಸಿನ ಹುಡುಗಿ ಗೋಡೆ ಮೂಲೆಗೆ ಹೋದಳು. ಕೊನೇ ಪೀರಿಯಡ್ ಪೂರ್ತಿ ಚೀಲ ತೊಡೆ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದಳಂತೆ. ಮೇಷ್ಟ್ರು ಅವಳಿಗೆ ಪಾಠದಲ್ಲಿ ಆಸಕ್ತಿ ಇಲ್ಲ ಅಂದರು.

---

ಕಿವಿಮಾತು · ಗುರುವಾರ, ಬೆಳಿಗ್ಗೆ 6:55

ವಿಶೇಷ ಅಗತ್ಯದ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಬೇಗ ಬೇಗ ಎರಡು ಮಾತು.

ಕಿವಿ ಮಂದ ಇರುವ ಮಗುವನ್ನು ಎಲ್ಲರೂ ಮೊದಲ ಬೆಂಚಿನ ನಡುವೆ ಕೂರಿಸುತ್ತಾರೆ. ಅಲ್ಲಿಂದ ಅದಕ್ಕೆ ಟೀಚರ್ ಮುಖ ಮಾತ್ರ ಕಾಣುತ್ತದೆ. ಹಿಂದೆ ಯಾರೋ ಉತ್ತರ ಹೇಳಿದರು, ಎಲ್ಲರೂ ನಕ್ಕರು, ಯಾಕೆ ಅಂತ ಅದಕ್ಕೆ ಗೊತ್ತಿಲ್ಲ. ಎರಡನೇ ಸಾಲಿನ ತುದಿ ಒಳ್ಳೆಯದು. ಯಾವ ಕಿವಿ ಚೆನ್ನಾಗಿ ಕೇಳುತ್ತದೋ ಅದು ಕ್ಲಾಸಿನ ಕಡೆ ಇರಬೇಕು, ಗೋಡೆ ಕಡೆ ಅಲ್ಲ. ಜೋರು ಮಳೆಯಲ್ಲಿ ಹಂಚಿನ ಸದ್ದಿಗೆ ನಮಗೇ ಕೇಳುವುದಿಲ್ಲ, ಇನ್ನು ಆ ಮಗುವಿಗೆ? ಅಂಥ ಹೊತ್ತಿನಲ್ಲಿ ಬಾಯಿಮಾತಿನ ಪಾಠ ನಿಲ್ಲಿಸಿ ಬರೆಯುವ ಕೆಲಸ ಕೊಡಿ.

ಎಡಚ ಮಕ್ಕಳಿಗೆ ಬೆಂಚಿನ ಎಡ ತುದಿ ಕೊಡಿ. ನಡುವೆ ಕೂರಿಸಿದರೆ ಪಕ್ಕದವನ ಬಲ ಮೊಣಕೈಗೂ ಇವನ ಎಡ ಮೊಣಕೈಗೂ ಇಡೀ ವರ್ಷ ಯುದ್ಧ. ನಾವು ಅದನ್ನು ತುಂಟತನ ಅಂತ ಬರೆದುಕೊಳ್ಳುತ್ತೇವೆ.

---

ಭದ್ರೆಯ_ದಂಡೆ · ಗುರುವಾರ, ಸಂಜೆ 5:40

ನಾನೂ ಇಂಟರ್ನ್‌ಶಿಪ್‌ನಲ್ಲಿದ್ದೇನೆ, ಭದ್ರಾವತಿ ಕಡೆ. ಇಲ್ಲಿ ಯಾರೂ ಹೇಳದ ಒಂದು ವಿಷಯ ಕೇಳಬೇಕು.

ಹಾಜರಿ ಸಂಖ್ಯೆ ಕೂಗಿ ಗುಂಪು ಮಾಡಿದೆ. 1ರಿಂದ 5 ಒಂದು ಗುಂಪು, 6ರಿಂದ 10 ಇನ್ನೊಂದು. ರಿಜಿಸ್ಟರಿನಲ್ಲಿ ಮೊದಲು ಹುಡುಗರು, ಆಮೇಲೆ ಹುಡುಗಿಯರು. ಹಾಗಾಗಿ ಗುಂಪೂ ಹಾಗೇ ಆಯಿತು. ಮಾರನೇ ದಿನ ಬಣ್ಣದ ಚೀಟಿ ಎತ್ತಿಸಿದೆ. ಆಗ ಎಲ್ಲರೂ ಬೆರೆತರು. ಬೆರೆತ ಮೇಲೆ ಕಂಡದ್ದು ಬೇರೆ. ಮಕ್ಕಳು ಬೆಂಚಿನಲ್ಲಿ ಕೂರುತ್ತಿದ್ದದ್ದು ಕೇರಿ ಪ್ರಕಾರ. ಗೆಳೆತನ ಅಂದುಕೊಂಡಿದ್ದೆ. ಒಂದು ಗುಂಪಿನಲ್ಲಿ ಒಬ್ಬಳು ತನ್ನ ನೀರಿನ ಬಾಟಲಿಯನ್ನು ನಿಧಾನವಾಗಿ ಈಚೆ ಎಳೆದುಕೊಂಡಳು. ಪಕ್ಕ ಕೂತ ಹುಡುಗ ಅದನ್ನು ನೋಡಿದ. ನಾನೂ ನೋಡಿದೆ. ಏನು ಮಾಡಬೇಕೋ ತಿಳಿಯದೆ ಪಾಠ ಮುಂದುವರಿಸಿದೆ. ಎರಡು ದಿನದಿಂದ ಅದೇ ತಲೆಯಲ್ಲಿದೆ.

---

ನಲಿಕಲಿ_ಅಕ್ಕ · ಗುರುವಾರ, ರಾತ್ರಿ 9:10

@ಭದ್ರೆಯ_ದಂಡೆ, ಆ ಹೊತ್ತಿಗೆ ಪಾಠ ಮುಂದುವರಿಸಿದ್ದು ತಪ್ಪಲ್ಲ. ಎಲ್ಲರ ಎದುರು ಅವಳನ್ನು ಬೈದಿದ್ದರೆ ಆ ಹುಡುಗನಿಗೆ ಇನ್ನೂ ಅವಮಾನವಾಗುತ್ತಿತ್ತು. ಆದರೆ ಅಲ್ಲಿಗೇ ಬಿಡಬೇಡಿ. ನಿಮ್ಮ ಮಾರ್ಗದರ್ಶಿ ಶಿಕ್ಷಕರಿಗೂ ಎಚ್‌ಎಂಗೂ ಹೇಳಿ. ಇದು ನಾಲ್ಕು ತಿಂಗಳಿಗೆ ಬಂದವರು ಒಬ್ಬರೇ ಹೊರುವ ಭಾರ ಅಲ್ಲ. ಬಿಸಿಯೂಟದ ಸಾಲಿನಲ್ಲಿ ಏನು ನಡೆಯುತ್ತಿದೆ ಅಂತಲೂ ಗಮನಿಸಿ, ಅಲ್ಲಿಯೂ ಇದೇ ಇರುತ್ತದೆ.

ಕ್ಲಾಸಿನಲ್ಲಿ ಚೀಟಿ ಎತ್ತಿಸುವುದನ್ನು ನಿಲ್ಲಿಸಬೇಡಿ. ವಾರಕ್ಕೊಮ್ಮೆ ಮಾಡಿದರೆ ಅದು ಘಟನೆಯಾಗುತ್ತದೆ, ದಿನಾ ಮಾಡಿದರೆ ಅಭ್ಯಾಸವಾಗುತ್ತದೆ. ಇಬ್ಬರಿಗೆ ಒಂದೇ ಹಾಳೆ, ಒಂದೇ ಸ್ಕೇಲು ಕೊಡಿ. ಹಾಳೆ ಮುಗಿಸಬೇಕೆಂದರೆ ಕೈ ತಾಗಲೇಬೇಕು. ಆ ಹುಡುಗನನ್ನು ಮಾತ್ರ ಮರೆಯಬೇಡಿ.

---

ಹೊಸ_ಟೀಚರ್ · 19 ದಿನಗಳ ನಂತರ, ಭಾನುವಾರ

ಬಂದೆ ಬಂದೆ. ಏನಾಯಿತು ಅಂತ ತುಂಬಾ ಜನ ಕೇಳಿದಿರಿ.

ಮೊದಲು ತಮಾಷೆ. ಬುಧವಾರಕ್ಕೆ ಎಲ್ಲಾ ತಯಾರಿ ಮಾಡಿಕೊಂಡೆ. ತಿರುಗುವ ಅಭ್ಯಾಸ ಮಾಡಿಸಿದೆ. ಮೊದಲ ಸಲ ಎರಡು ನಿಮಿಷ, ನಾಲ್ಕನೇ ಸಲಕ್ಕೆ 25 ಸೆಕೆಂಡ್. ಡೆಸ್ಕಿನ ನಡುವೆ ಸುಣ್ಣದ ಗೆರೆ ಎಳೆದೆ. ಚಾರ್ಟಿಗೆ ಬಣ್ಣ ಹಾಕಿ ರಾತ್ರಿ ಹನ್ನೊಂದಕ್ಕೆ ಮಲಗಿದೆ. ಬೆಳಿಗ್ಗೆ ಎದ್ದರೆ ಜಿಲ್ಲಾಧಿಕಾರಿಗಳಿಂದ ಮಳೆ ರಜೆ. ನನ್ನ ಚಾರ್ಟ್ ಮೇಲೆ ಇದ್ದದ್ದೂ ಮಳೆಯೇ.

ರಜೆ ಮುಗಿದ ಮೇಲೆ ಗೀಟು ಹಾಕುವ ಕೆಲಸ ಮಾಡಿದೆವು. ನನ್ನ ಜೊತೆಗಾರ್ತಿ ಹಿಂದೆ ಕೂತಳು. ಒಂದು ಪೀರಿಯಡ್‌ನಲ್ಲಿ ನಾನು ಕೇಳಿದ್ದು 28 ಪ್ರಶ್ನೆ. ಮುಂದಿನ ಎರಡು ಸಾಲಿಗೆ 17. ನಡುದಾರಿಯ ಅಂಚಿನಲ್ಲಿ ಕೂತವರಿಗೆ 7. ಉಳಿದ ಎಲ್ಲರಿಗೂ ಸೇರಿ 4. ಅದೇ 'ಟಿ'. ಇನ್ನೊಂದು ರೀತಿ ಎಣಿಸಿದರೆ ಹುಡುಗಿಯರ ಕಡೆ 19, ಹುಡುಗರ ಕಡೆ 9. ನಾನು ಎಲ್ಲರನ್ನೂ ಸಮನಾಗಿ ನೋಡುತ್ತೇನೆ ಅಂದುಕೊಂಡಿದ್ದವಳು. ಹಾಳೆ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಕ್ಷೆ ಬರೆಯುವಾಗ ಇನ್ನೊಂದು ಗೊತ್ತಾಯಿತು. 43 ಹೆಸರು ತುಂಬಿಸಿದೆ. ಒಂದು ಚೌಕ ಖಾಲಿ ಉಳಿಯಿತು. ಐದನೇ ಬೆಂಚು, ಗೋಡೆ ಪಕ್ಕ. ಅಲ್ಲಿ ಒಬ್ಬ ಹುಡುಗ ಕೂರುತ್ತಾನೆ ಅಂತ ಗೊತ್ತು, ಹೆಸರು ನೆನಪಿಗೆ ಬರಲಿಲ್ಲ. ದಿನಾ ಹಾಜರಿಯಲ್ಲಿ ಕೂಗುತ್ತೇನೆ, ಮುಖಕ್ಕೂ ಹೆಸರಿಗೂ ತಾಳೆಯಾಗಲಿಲ್ಲ.

ಮಾರನೇ ದಿನ ಮೇಷ್ಟ್ರು ಹೇಳಿದಂತೆ ಹಿಂದೆ ಹೋಗಿ ಅವನ ಬೆಂಚಿನ ತುದಿಯಲ್ಲೇ ಕೂತೆ. ಅಲ್ಲಿಂದ ಹಲಗೆ ನೋಡಿದರೆ ಅರ್ಧ ಬರೀ ಬಿಳಿ ಹೊಳಪು. ಎದುರು ಕಿಟಕಿಯ ಬೆಳಕು ನೇರ ಹಲಗೆಗೆ ಬಿದ್ದು ಆ ಮೂಲೆಗೆ ಕಣ್ಣು ಕುಕ್ಕುತ್ತದೆ. ಅವನು ಜೂನ್‌ನಿಂದ ಪಕ್ಕದವನ ಪುಸ್ತಕ ನೋಡಿ ಬರೆಯುತ್ತಿದ್ದ. ಪಕ್ಕದವನು ಬಾರದ ದಿನಗಳಲ್ಲಿ ಹಾಳೆ ಖಾಲಿ. ತಾರೀಖು ಮಾತ್ರ ಅಂದವಾಗಿ ಬರೆದಿದ್ದಾನೆ.

ಅವನನ್ನು ಎರಡನೇ ಬೆಂಚಿಗೆ ಕರೆತಂದೆ. ಹೀರೋಯಿನ್ ಆದೆ ಅಂದುಕೊಂಡೆ. ಎರಡು ದಿನ ಕೂತ, ಮೂರನೇ ದಿನ ವಾಪಸ್ ಗೋಡೆಗೆ ಹೋಗಿದ್ದ. ಕೇಳಿದರೆ "ಅಲ್ಲಿ ನಮ್ಮ ಹುಡುಗರಿದ್ದಾರೆ ಮೇಡಂ" ಅಂದ. @ಕೊನೆಬೆಂಚು, ನಿಮ್ಮ ಮಾತು ನೆನಪಾಗಿ ಸುಮ್ಮನಾದೆ. ಅವನನ್ನು ಬಿಟ್ಟು ಕಿಟಕಿ ಕಡೆ ತಿರುಗಿದೆ. ಆ ಕಿಟಕಿಯ ಒಂದು ಬಾಗಿಲು ಹಾಕಿದರೆ ಹೊಳಪು ಹೋಗುತ್ತದೆ. ಆದರೆ ಕರೆಂಟ್ ಇಲ್ಲದ ಹೊತ್ತಿನಲ್ಲಿ ಕೋಣೆ ಪೂರ್ತಿ ಕತ್ತಲು. ಮೇಲೆ ಒಂದು ಗಾಜಿನ ಹಂಚು ಇದೆ, ಪಾಚಿ ಕಟ್ಟಿ ಹಸಿರಾಗಿದೆ, ಬೆಳಕು ಬರುವುದೇ ಇಲ್ಲ. ಸದ್ಯಕ್ಕೆ ಹಲಗೆಯ ಆ ಅರ್ಧದಲ್ಲಿ ಬರೆಯುವುದನ್ನೇ ಬಿಟ್ಟಿದ್ದೇನೆ, ಅಕ್ಷರ ದಪ್ಪ ಮಾಡಿದ್ದೇನೆ.

ಕೊಡೆಗೆ ದಬ್ಬೆ ಆಯಿತು. ಒಂಬತ್ತನೇ ಕ್ಲಾಸಿನ ಹುಡುಗರು ಅರ್ಧ ಗಂಟೆಯಲ್ಲಿ ಕಟ್ಟಿದರು. ಆ ಮಾತಾಡದ ಸರ್ ಕೂಡ ಬಂದು ಗಂಟು ಸರಿ ಮಾಡಿಕೊಟ್ಟರು. ಈಗ ಮಾತಾಡುತ್ತಾರೆ.

ಕಾಲೇಜಿನವರು ಆಮೇಲೆ ಶುಕ್ರವಾರ ಬಂದರು. ತಿರುಗುವುದು ಚೆನ್ನಾಗಿಯೇ ಆಯಿತು. 11 ಗುಂಪಿನಲ್ಲಿ ಎಂಟು ನಕ್ಷೆ ಮುಗಿಸಿದವು. ಎರಡು ಗುಂಪು ಜಗಳ ಆಡಿದವು. ಒಂದು ಗುಂಪು ಚಳ್ಳಕೆರೆಯನ್ನು ಕರಾವಳಿಯಲ್ಲಿ ಇಟ್ಟಿತು. ಅವಲೋಕನ ಹಾಳೆಯಲ್ಲಿ ತರಗತಿ ನಿರ್ವಹಣೆಗೆ "ಉತ್ತಮ" ಎಂದು ಬರೆದಿದ್ದಾರೆ, ಒಂದೇ ಗೆರೆ.

---

ಖಡಕ್_ಗಣಿತ · ಭಾನುವಾರ, ಮಧ್ಯಾಹ್ನ 12:20

ಆ ಗೀಟಿನ ಲೆಕ್ಕ ನಾನೂ ಮಾಡಿದೆ. ಬಲಗಡೆ ಗೋಡೆಯ ಸಾಲಿಗೆ ಒಂದೂ ಇಲ್ಲ. ಇಷ್ಟು ಸಾಕು, ಜಾಸ್ತಿ ಕೇಳಬೇಡಿ.

---

ದಬ್ಬೆ_ಬೇಲಿ · ಭಾನುವಾರ, ಮಧ್ಯಾಹ್ನ 2:05

ಮೇಡಂ, ಗಾಜಿನ ಹಂಚು ನಮ್ಮ ಕೊಟ್ಟಿಗೆ ಅಟ್ಟದಲ್ಲಿ ಎರಡು ಇವೆ, ಹೊಸದು. ನಿಮ್ಮದು ಮಂಗಳೂರು ಹಂಚಾದರೆ ಕೂರುತ್ತದೆ. ಪಾಚಿ ಹಿಡಿದ ಹಂಚಿನ ಮೇಲೆ ಈಗ ಯಾರನ್ನೂ ಹತ್ತಿಸಬೇಡಿ, ಜಾರುತ್ತದೆ. ಎರಡು ದಿನ ಮಳೆ ಬಿಟ್ಟು ಹೊಳವಾದರೆ ನಾನೇ ಏಣಿ ತರುತ್ತೇನೆ. ಬಕೆಟ್ ಮೇಲಿನ ಹಂಚನ್ನೂ ಅದೇ ಕೈಯಲ್ಲಿ ನೋಡಿಬಿಡೋಣ. ಎಚ್‌ಎಂಗೆ ಒಂದು ಮಾತು ಹೇಳಿಡಿ. ಶಾಲೆ ಯಾವುದು?

---

ಹೊಸ_ಟೀಚರ್ · ಭಾನುವಾರ, ಮಧ್ಯಾಹ್ನ 2:11

ಇಲ್ಲಿ ಬೇಡ ಅಣ್ಣ, ಮೆಸೇಜ್ ಮಾಡುತ್ತೇನೆ. ಮಂಗಳೂರು ಹಂಚೇ.